ಬಿಳಿ ಕೋಟಿನ ಮೇಲೆ ಕೆಂಪು ಚುಕ್ಕೆ

ನಮ್ಮ ದೊಡ್ಡಮ್ಮ ಯಾರನ್ನೂ ನಂಬುವವಳಲ್ಲ. ಹಾಲಿನವನು ಏನೋ ಬೆರೆಸುತ್ತಾನೆಂದು ಹಾಲು ಬಿಟ್ಟಳು. ಹಳೆಯದನ್ನು ಮಾರುತ್ತಾರೆಂದು ಮೊಟ್ಟೆ ಬಿಟ್ಟಳು. ಔಷಧಿ ಸವರಿರುತ್ತಾರೆಂದು ಮೀನು, ಮಾಂಸವೂ ಹೋಯಿತು. ಹಲವು ವರ್ಷಗಳಿಂದ ಅನ್ನ, ಬೇಳೆ ಮತ್ತು ಹಾಲಿಲ್ಲದ ಟೀಯಲ್ಲೇ ಇದ್ದಳು. ಅವಳು ನಂಬುತ್ತಿದ್ದುದು ತನ್ನ ಎಡಗೈ ತೋರುಬೆರಳನ್ನು ಮಾತ್ರ.

ಆಸ್ಪತ್ರೆಯ ಬಿಳಿ ಕೋಟುಗಳಿಗೆ ಗುಂಡಿ ಹೊಲಿಯುವುದು ಅವಳ ಕೆಲಸ. ಆ ಬೆರಳು ಬಟ್ಟೆಯ ಅಡಿಯಲ್ಲಿರುತ್ತಿತ್ತು. ಸೂಜಿಯ ಮೊನೆ ಅದಕ್ಕೆ ತಾಗಿದೊಡನೆ ಬಲಗೈ ತಾನಾಗಿ ನಿಲ್ಲುತ್ತಿತ್ತು. ಬೆರಳಿಗೆ ತಗಡಿನ ಟೊಪ್ಪಿ ಹಾಕಿಕೋ ಎಂದರೆ, "ಕಣ್ಣಿಗೆ ಬಟ್ಟೆ ಕಟ್ಕೊಂಡು ರಸ್ತೆ ದಾಟ್ತೀಯಾ ನೀನು?" ಎನ್ನುತ್ತಿದ್ದಳು.

ಒಮ್ಮೆ ಕೋಟುಗಳ ಮೇಲೆ ಕೆಂಪು ಚುಕ್ಕೆಗಳು ಕಾಣಿಸತೊಡಗಿದವು. ಹೊಲಿಗೆ ಕೊಡುವ ಅಂಗಡಿಯವರು ಅವನ್ನು ವಾಪಸು ಕಳಿಸಿ, "ಇನ್ನೊಂದು ಕಲೆ ಕಂಡ್ರೆ ಕೆಲಸ ಬೇರೆಯವರಿಗೆ" ಎಂದರು.

ದೊಡ್ಡಮ್ಮನ ಅನುಮಾನ, ಪಕ್ಕದ ಯಂತ್ರದಲ್ಲಿ ಹೊಲಿಯುವ ನಾದಿನಿಯ ಮೇಲೆ, ಅಂದರೆ ನನ್ನ ಅತ್ತೆಯ ಮೇಲೆ ಬಿತ್ತು.

"ನನ್ನ ಕೆಲಸ ಕಿತ್ಕೋಬೇಕು ಅಂತ ತಾನೇ? ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಲೋಕಕ್ಕೆ ಕಾಣಲ್ವೇನೇ?"

"ಈ ಮನೇಲಿ ಬೆಕ್ಕಿಗೆಲ್ಲಿದೆ ಅತ್ತಿಗೆ ಹಾಲು?" ಎಂದಳು ಅತ್ತೆ.

ಅಂದಿನಿಂದ ದೊಡ್ಡಮ್ಮ ಕುರ್ಚಿ ತಿರುಗಿಸಿಕೊಂಡು, ಅತ್ತೆಯ ಮೇಲೇ ಕಣ್ಣಿಟ್ಟು ಹೊಲಿದಳು. ಕೊನೆಗೆ ಚೀರಿದ್ದು ಅತ್ತೆ: "ಅತ್ತಿಗೇ, ಬೆರಳು!"

ಸೂಜಿ ಬೆರಳೊಳಗೆ ನಾಟಿ ನಿಂತಿತ್ತು. ದೊಡ್ಡಮ್ಮನಿಗೆ ಗೊತ್ತೇ ಆಗಿರಲಿಲ್ಲ. "ನೀನೇ ಏನೋ ಮಾಡಿದ್ದೀಯ" ಎಂದಳಾದರೂ, ಸೂಜಿ ಕೀಳಲು ಬೆರಳನ್ನು ಅತ್ತೆಯ ಮುಂದೆಯೇ ಚಾಚಿದಳು. ಅಂಗಾಲಲ್ಲಿ ಬಹಳ ದಿನದಿಂದ ಇರುವೆ ಹರಿದಂತಾಗುತ್ತಿದೆ ಎಂದು ಆಗ ಹೇಳಿದಳು.

ರಕ್ತ ಪರೀಕ್ಷೆಯಾಯಿತು. "ಬಿ12 ವಿಟಮಿನ್ ತೀರಾ ಕಡಿಮೆ. ಅದಿಲ್ದಿದ್ರೆ ನರದ ಮೇಲಿನ ಹೊದಿಕೆ ಹಾಳಾಗುತ್ತೆ, ಮುಟ್ಟಿದ್ದು ತಿಳಿಯಲ್ಲ" ಎಂದರು ಡಾಕ್ಟರಮ್ಮ. "ಹಾಲು, ಮೊಟ್ಟೆ, ಮೀನು, ಮಾಂಸ... ಇದರಲ್ಲಿ ಯಾವುದು ತಗೋತೀರಿ?"

"ಅನುಮಾನ ತಗೋತಾರೆ ಡಾಕ್ಟ್ರೇ, ಮೂರು ಹೊತ್ತೂ" ಎಂದಳು ಅತ್ತೆ.

ಇಂಜೆಕ್ಷನ್ನಿನ ಔಷಧಿ ಕೆಂಪಗಿತ್ತು. "ಯಾರ ರಕ್ತ ಇದು?" ಎಂದು ದೊಡ್ಡಮ್ಮ ಎದ್ದೇ ಬಿಟ್ಟಳು. ಅದು ರಕ್ತವಲ್ಲ, ಆ ವಿಟಮಿನ್ನಿನ ಬಣ್ಣವೇ ಹಾಗೆಂದು ಡಾಕ್ಟರಮ್ಮ ಹೇಳಿದ ಮೇಲೂ, ಅತ್ತೆ ಕೈ ಹಿಡಿದು ಕೂರಿಸಬೇಕಾಯಿತು.

ಬೆರಳು ಸರಿಹೋಗುವವರೆಗೆ ಗುಂಡಿಗಳನ್ನು ಅತ್ತೆಯೇ ಹೊಲಿದು ಕೆಲಸ ಉಳಿಸಿದಳು. ದೊಡ್ಡಮ್ಮ ಪ್ರತಿ ಗುಂಡಿಯನ್ನೂ ಎಳೆದು ನೋಡುತ್ತಿದ್ದಳು. ಅತ್ತೆ ಕೊಟ್ಟ ಹಾಲನ್ನು, ಅತ್ತೆ ಒಂದು ಗುಟುಕು ಕುಡಿದು ತೋರಿಸಿದ ಮೇಲೆಯೇ ಕುಡಿಯುತ್ತಿದ್ದಳು.

ತಿಂಗಳುಗಳಾದ ಮೇಲೆ, ಮತ್ತೆ ಹೊಲಿಯಲು ಕೂತವಳು "ಆಯ್!" ಎಂದು ಬೆರಳು ಹಿಂದಕ್ಕೆಳೆದುಕೊಂಡಳು. ಕೋಟು ಬೆಳ್ಳಗೇ ಇತ್ತು.

"ನೋವಾಯ್ತಾ ಅತ್ತಿಗೆ?" ಅತ್ತೆಯ ಕಣ್ಣು ತುಂಬಿತ್ತು.

ದೊಡ್ಡಮ್ಮ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅತ್ತೆಯನ್ನು ನೋಡಿದಳು.

"ಇಷ್ಟು ಚೂಪಾದ ಸೂಜಿ ಯಾರೇ ಇಟ್ಟಿದ್ದು ಇಲ್ಲಿ?"