ತಳದಿಂದ ತೆಗೆದ ಹನಿ

ರಾಳ ಕಪ್ಪಗೆ ಕಂಡ ಮಾತ್ರಕ್ಕೆ ಪುಡಿ ಬೆರೆತಿದೆ ಎಂದಲ್ಲ. ಇಂಗಾಲದ ನ್ಯಾನೋ ಕೊಳವೆಗಳು ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣವು. ಒಂದಕ್ಕೊಂದು ಅಂಟಿ ಗಂಟಾಗುವುದೇ ಅವುಗಳ ಜಾಯಮಾನ. ಗಂಟು ಉಳಿದ ಜಾಗದಲ್ಲೇ ಬಿರುಕು ಹುಟ್ಟುತ್ತದೆ. ಇದು ಗೊತ್ತಿಲ್ಲದವರು ಕೃತಕ ಪಾದ ಮಾಡಲು ಹೊರಡಬಾರದು.

ತೊಕ್ಮೊಕ್ ಊರಿನ ಅಂಥ ಪಾದ ಮಾಡುವ ಕಾರ್ಖಾನೆಯೊಂದರಲ್ಲಿ ಬುರುಲ್ ಹನ್ನೊಂದು ವರ್ಷದಿಂದ ಗಂಟು ಬಿಡಿಸುತ್ತಿದ್ದಳು. ಆ ಕೊಳವೆಗಳ ಕಪ್ಪು ಪುಡಿ ಕಲಸಿದ ರಾಳವನ್ನು ಮೂರು ಉರುಳೆಗಳ ನಡುವೆ ಏಳು ಸಲ ಅರೆಯುವುದು ಆಕೆಯ ಕೆಲಸ. ಕಡಿಮೆಯಾದರೆ ಗಂಟು ಉಳಿಯುತ್ತದೆ, ವಿಪರೀತವಾದರೆ ಕೊಳವೆಗಳೇ ತುಂಡಾಗುತ್ತವೆ. ವಯಸ್ಸಿನಲ್ಲಿ ಅಲ್ಲಿ ಆಕೆಯೇ ಎಲ್ಲರಿಗಿಂತ ದೊಡ್ಡವಳು. ಹಾಗಾಗಿ ಹೊಸ ರಾಳ ಅಚ್ಚಿಗೆ ಬೀಳುವ ಮುನ್ನ ಅಂಗೈ ಬಿಚ್ಚಿ ಹರಸುವ ಬಾತಾ ಕೂಡ ಆಕೆಯದೇ. ಆಕೆ ಹರಸದೆ ಯಾರೂ ಪಾತ್ರೆ ಎತ್ತುತ್ತಿರಲಿಲ್ಲ.

ವಸಂತದಲ್ಲಿ ಅವಸರದ ಬೇಡಿಕೆ ಬಂತು. ಬುರುಲ್ ರಜೆಯಲ್ಲಿದ್ದ ದಿನ ಮೇಲ್ವಿಚಾರಕ ಮಿರ್ಲಾನ್ ಮೂರೇ ಸಲ ಅರೆಸಿದ. ಒಂದು ತಾಸು ಪಾತ್ರೆಯನ್ನು ಅಲುಗಿಸದೆ ಇಟ್ಟು, ಮೇಲಿನಿಂದ ಒಂದು ಹನಿ ತೆಗೆದು ಪರೀಕ್ಷೆಗೆ ಕಳಿಸಿದ. ಪಾಸಾಯಿತು. ಆಗದೇ ಏನು? ಗಂಟುಗಳೆಲ್ಲ ಅಷ್ಟರಲ್ಲಿ ತಳ ಸೇರಿದ್ದವು. ಆ ಕಾರ್ಖಾನೆಯಲ್ಲಿ ಹನಿ ತೆಗೆಯುವ ಪದ್ಧತಿಯೇ ಅದು.

ಮರುದಿನ ಬೆಳಿಗ್ಗೆ ಎಲ್ಲರೂ ಅಚ್ಚಿನ ಸುತ್ತ ನೆರೆದರು. ಬುರುಲ್ ಕೈ ಜೇಬಿನಿಂದ ಹೊರಗೆ ಬರಲಿಲ್ಲ.

"ಎಜೆ, ಬಾತಾ ಕೊಡಿ. ಚಹಾ ಆರೋಗ್ತಿದೆ," ಎಂದ ಮಿರ್ಲಾನ್. ಎಜೆ ಎಂದರೆ ಅಕ್ಕ.

"ಎಷ್ಟು ಸಲ ಅರೆಸ್ದೆ, ತಮ್ಮಾ?"

"ಸಾಕಾಗುವಷ್ಟು. ಕಾಗದ ನೋಡಿ, ಪಾಸ್!"

"ಕಾಗದ ಕಾಲಿಗೆ ಕಟ್ಕೊಂಡು ನಡೀತಾರಾ? ಮೊದಲ್ನೇ ಪಾದ ಯಾರಿಗೆ?"

"ನಾರಿನ್ ಬೆಟ್ಟಗಳ ಕಡೆ ಕುರಿ ಕಾಯೋನಿಗೆ."

"ಸರಿ. ಅವನು ಇಳಿಜಾರಲ್ಲಿ ಓಡ್ವಾಗ ನೀನು ಕೆಳಗೆ ನಿಂತ್ಕೊಂಡು ಹಿಡ್ಕೋ."

ಯಾರೋ ಕಿಸಕ್ಕೆಂದರು. ಮಿರ್ಲಾನ್ ಕಿವಿ ಕೆಂಪಾಯಿತು. "ಹರಸೋಕೆ ಕರೆದ್ರೆ ವಿಚಾರಣೆ ಮಾಡ್ತೀರಲ್ಲ!"

ಬುರುಲ್ ಗಾಜಿನ ಕಡ್ಡಿಯನ್ನು ಪಾತ್ರೆಯ ತಳದವರೆಗೆ ಇಳಿಸಿದಳು. ಅಂಟಿ ಬಂದ ಹನಿಯನ್ನು ಎರಡು ಗಾಜುಗಳ ನಡುವೆ ಒತ್ತಿ ಕಿಟಕಿಗೆ ಹಿಡಿದಳು. ಮಬ್ಬು ಬೂದು ಪೊರೆಯಲ್ಲಿ ಕರಿಜೀರಿಗೆ ಚೆಲ್ಲಿದಂತೆ ಚುಕ್ಕೆಗಳು.

"ಇದಕ್ಕೆ ಅಲ್ಲಾನ ಹೆಸರು ಹೇಳಿಸ್ತೀಯಾ? ನನ್ನ ಬಾಯಲ್ಲಿ ಬರಲ್ಲ."

ಎರಕ ಹೊಯ್ಯುವ ಇಬ್ಬರೂ ಕೈಗವಸು ಕಳಚಿ ಮೇಜಿನ ಮೇಲಿಟ್ಟರು. ಅರ್ಧ ತಾಸು ಕಾದ ಮಿರ್ಲಾನ್ ರಾಳವನ್ನು ಮತ್ತೆ ಉರುಳೆಗೆ ಕಳಿಸಿದ. ಬಾಕಿ ಉಳಿದ ನಾಲ್ಕೂ ಸಲ ಅರೆದಾದ ಮೇಲೆ, ಸಂಜೆ ಬುರುಲ್ ಅಂಗೈ ಬಿಚ್ಚಿದಳು. ಕುರಿ ಕಾಯುವವನು ಆ ಪಾದದ ಮೇಲೆ ಎರಡು ಬೇಸಿಗೆ ಬೆಟ್ಟ ಹತ್ತಿದ್ದಾನೆ.

ಬುರುಲ್‌ಳನ್ನು ತಿಂಗಳೊಳಗೆ ಪಾತ್ರೆ ತೊಳೆಯಲು ಹಾಕಿದರು. ಬಾತಾ ಹಳೆಯ ಕಾಲದ್ದು, ಸಮಯ ತಿನ್ನುತ್ತದೆ ಎಂದು ಸೂಚನಾ ಫಲಕದಲ್ಲಿ ಬರೆದರು. ಹನಿಯನ್ನು ಇಂದಿಗೂ ಮೇಲಿನಿಂದಲೇ ತೆಗೆಯುತ್ತಾರೆ. ಕಾಗದಗಳೆಲ್ಲ ಪಾಸಾಗುತ್ತಿವೆ.

ನಿಮ್ಮ ಕೈಗೂ ಇಂಥ ಕಾಗದ ಬರುತ್ತದೆ: ಕಾಲಿನದೋ, ಸೇತುವೆಯದೋ, ಔಷಧದ್ದೋ. ಹನಿ ಎಲ್ಲಿಂದ ತೆಗೆದಿರಿ ಎಂದು ಕೇಳಿ. ನಿಮ್ಮ ಕಣ್ಣೆದುರೇ ತಳದಿಂದ ಇನ್ನೊಂದು ತೆಗೆಯುವವರೆಗೆ ಸಹಿ ಹಾಕಬೇಡಿ.