ಕೊಸರಿಲ್ಲದ ಊರಿನಲ್ಲಿ ತ್ವಾಯಿಬು

ತ್ವಾಯಿಬು ನನ್ನ ಹತ್ತಿರ ಮೊದಲ ಸಲ ಮೀನು ಕೊಳ್ಳಲು ಬಂದಾಗ ತಟ್ಟೆಯನ್ನು ಮನೆಯಿಂದಲೇ ತಂದಿದ್ದ. ಮನೆ ಅಂದರೆ ಇಲ್ಲಿಯ ಬಾಡಿಗೆ ಕೋಣೆಯಲ್ಲ, ಮಲಾವಿಯ ಮಂಗೋಚಿ. ಊರಿನಿಂದ ಈ ಜೋಬರ್ಗ್ ಪಟ್ಟಣಕ್ಕೆ ಬರುವವರು ಕಂಬಳಿ ತರುತ್ತಾರೆ, ತಾಯತ ತರುತ್ತಾರೆ, ಕೆಲವರು ಅತ್ತೆಯ ಬೈಗುಳ ತರುತ್ತಾರೆ. ಈ ಮಹರಾಯ ಮೂರು ಗಡಿ ದಾಟಿಸಿ ನೀಲಿ ಅಂಚಿನ ಒಂದು ತಗಡಿನ ತಟ್ಟೆ ತಂದಿದ್ದ. ಹನ್ನೆರಡು ವರ್ಷ ಮಂಗೋಚಿಯ ಸಂತೆಯಲ್ಲಿ ಅದೇ ತಟ್ಟೆಯಿಂದ ಉಸಿಪ ಅಳೆದು ಮಾರಿದ್ದನಂತೆ. ಉಸಿಪ ನಮ್ಮ ಸರೋವರದ ಬೆರಳುದ್ದದ ಮೀನು. ನಾನೂ ಅದನ್ನೇ ಒಣಗಿದ್ದು ತರಿಸಿ ಇಲ್ಲಿ ವಠಾರದ ಗೇಟಿನ ಪಕ್ಕ ಕೂತು ಮಾರುತ್ತೇನೆ, ಇಪ್ಪತ್ತೊಂದು ವರ್ಷದಿಂದ.

"ಅಬಿತಿ ಸ್ತಂಬುಲಿ ಅಂದ್ರೆ ನೀವೇನಾ?" ಅಂದ. ಸ್ತಂಬುಲಿ ನಮ್ಮಪ್ಪ, ಅಬಿತಿ ಅಂದರೆ ಮಗಳು. ನಮ್ಮ ಕಡೆ ಹೆಂಗಸರನ್ನು ಅಪ್ಪನ ಹೆಸರು ಹಿಡಿದೇ ಕರೆಯುವುದು. "ಒಂದು ತಟ್ಟೆಗೆ ಎಷ್ಟು?"

"ತಟ್ಟೆ ಗಿಟ್ಟೆ ಇಲ್ಲಿಲ್ಲಪ್ಪ. ಪೊಟ್ಟಣ. ಒಂದಕ್ಕೆ ಇಪ್ಪತ್ತು ರಾಂಡ್."

ಒಂದು ಪೊಟ್ಟಣ ಬಿಚ್ಚಿ ತಟ್ಟೆಗೆ ಸುರಿದುಕೊಂಡ. ತಟ್ಟೆಯ ತಳವೂ ಮುಚ್ಚಲಿಲ್ಲ. ತಟ್ಟೆ ನೋಡಿದ, ನನ್ನ ಮುಖ ನೋಡಿದ, ಮತ್ತೆ ತಟ್ಟೆ ನೋಡಿದ.

"ಇಷ್ಟೇನಾ? ಅಬಿತಿ, ಊರಲ್ಲಿ ನಾನು ಇಷ್ಟನ್ನ ಕೊಸರು ಹಾಕ್ತಿದ್ದೆ!"

"ಹಂಗಾದ್ರೆ ಊರಿಗೇ ಹೋಗಿ ಕೊಸರು ತಿನ್ನು. ಸುರಿದಿದ್ದನ್ನ ವಾಪಸ್ ತುಂಬು ಮೊದಲು."

ತುಂಬಿದ ಪಾಪ, ಒಂದೊಂದೇ ಮೀನು ಎತ್ತಿ. ನಾನು ಯಾರಿಗೂ ಕೊಸರು ಹಾಕಿದವಳಲ್ಲ. ಮೂರು ಗಡಿಯ ಧೂಳು ಕುಡಿದು ಬರುವ ಮೂಟೆಯಲ್ಲಿ ಕಾಲು ಭಾಗ ಪುಡಿಯಾಗಿರುತ್ತದೆ, ಬಸ್ಸಿನವನ ಬಾಡಿಗೆ ಬೇರೆ. ಇವರಿಗೆಲ್ಲ ಕೊಸರು ಹಾಕುತ್ತ ಕೂತರೆ ನಾನು ಬುಟ್ಟಿ ತಿನ್ನಬೇಕಾಗುತ್ತದೆ.

ಅವನು ನಮ್ಮ ವಠಾರದ ಕೊನೆಯ ತಗಡಿನ ಕೋಣೆ ಹಿಡಿದ. ಮೂರು ದೊಡ್ಡ ಮನೆಗಳಲ್ಲಿ ತೋಟದ ಕೆಲಸ ಸಿಕ್ಕಿತು, ದಿನಕ್ಕೆ ಇನ್ನೂರೈವತ್ತು ರಾಂಡ್. ಮೊದಲ ಸಂಬಳದ ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಇದನ್ನ ನಮ್ಮೂರ ಕ್ವಾಚಾ ಮಾಡಿದ್ರೆ ಎಷ್ಟಾಗುತ್ತೆ ಗೊತ್ತಾ ಅಬಿತಿ? ಊರಿನ ಮೇಷ್ಟ್ರಿಗೂ ಇಷ್ಟು ಬರಲ್ಲ!"

"ಯಾವ ದರದಲ್ಲಿ ಕ್ವಾಚಾ ಮಾಡ್ದೆ? ಬ್ಯಾಂಕಿಂದೋ, ಬಸ್ಸಿನವರದ್ದೋ?"

"ಎರಡು ದರ ಇದೆಯಾ?"

"ಬಸ್ಸಿನವ್ರು ಬ್ಯಾಂಕಿನ ಎರಡರಷ್ಟು ಕೊಡ್ತಾರೆ."

ಬಾಯಿ ತೆರೆದುಕೊಂಡು ನಿಂತ. "ಹಂಗಾದ್ರೆ ನಾನು ಸಾಹುಕಾರನೋ, ಅರ್ಧ ಸಾಹುಕಾರನೋ?"

ಅಲ್ಲಿಂದ ಶುರುವಾಯಿತು ನೋಡಿ ಅವನ ಗೊಂದಲ. ಆ ಶನಿವಾರ ಸೂಪರ್‌ಮಾರ್ಕೆಟಿಗೆ ಹೋದ, ತಟ್ಟೆ ಸಮೇತ. ಒಳಗಿದ್ದ ಕಾವಲುಗಾರ ತಟ್ಟೆ ಕಸಿದು ಬಾಗಿಲಲ್ಲಿ ಇಟ್ಟುಕೊಂಡನಂತೆ. ಹಿಟ್ಟು, ಸಕ್ಕರೆ, ಎಣ್ಣೆ, ಉಪ್ಪು, ಸೋಪು ಎಲ್ಲ ತೆಗೆದುಕೊಂಡು ದುಡ್ಡು ಕೊಡುವ ಕಡೆ ನಿಂತು ಸುಮ್ಮನೆ ಕಾದ. ಐದು ಸಾಮಾನು ಕೊಂಡವನಿಗೆ ಏನಾದರೂ ಕೊಸರು ಬೇಕಲ್ಲ, ನಮ್ಮೂರ ರೀತಿ. ಅಲ್ಲಿದ್ದ ಹುಡುಗಿ ಒಂದು ಪ್ಲಾಸ್ಟಿಕ್ ಚೀಲ ಎತ್ತಿ ತೋರಿಸಿ ಬೇಕಾ ಅಂದಳು. ಇವನು ಎರಡೂ ಕೈ ಜೋಡಿಸಿ, ಮಂಡಿ ಬಗ್ಗಿಸಿ ಧನ್ಯವಾದ ಹೇಳಿ ತೆಗೆದುಕೊಂಡ. ಬಿಲ್ಲಿನಲ್ಲಿ ನೋಡಿದರೆ ಚೀಲಕ್ಕೂ ಒಂದು ರಾಂಡ್ ಹಾಕಿದ್ದಾಳೆ.

"ಕೊಸರಿಗೂ ದುಡ್ಡಾ ತಂಗಿ?" ಅಂತ ಕೇಳಿದನಂತೆ. ಹಿಂದೆ ನಿಂತ ಸಾಲೆಲ್ಲ ಬಿದ್ದು ಬಿದ್ದು ನಕ್ಕಿತಂತೆ. ನನ್ನ ಹತ್ತಿರ ಬಂದು ಹೇಳುವಾಗಲೂ ಅವನಿಗೆ ತಾನು ಮಾಡಿದ ತಪ್ಪೇನು ಅಂತ ಗೊತ್ತಾಗಿರಲಿಲ್ಲ.

ಕೋಣೆಗೆ ಬಂದು ಸಕ್ಕರೆಯನ್ನು ತಟ್ಟೆಗೆ ಸುರಿದು ಎಷ್ಟು ತಟ್ಟೆ ಅಂತ ಅಳೆದ. ಊರಿನಲ್ಲಿ ಹಿಟ್ಟು ಬಕೆಟ್ ಲೆಕ್ಕ, ಇಲ್ಲಿ ಹತ್ತು ಕಿಲೋ ಚೀಲ. ಊರಿನಲ್ಲಿ ಎಣ್ಣೆ ಬೆರಳು ಗಾತ್ರದ ಪ್ಲಾಸ್ಟಿಕ್ ಕೊಳವೆಯಲ್ಲಿ, ಇಲ್ಲಿ ಎರಡು ಲೀಟರ್ ಬಾಟಲಿ. ಯಾವುದನ್ನು ಯಾವುದರ ಪಕ್ಕ ಇಟ್ಟು ನೋಡುವುದು? ಹಿಟ್ಟಿನ ಲೆಕ್ಕ ಹಾಕಿದರೆ ಇಲ್ಲಿ ಅರ್ಧ ದಿನದ ಕೂಲಿಗೆ ಒಂದು ಚೀಲ ಬರುತ್ತದೆ, ಊರಿನಲ್ಲಿ ಅಷ್ಟು ಹಿಟ್ಟಿಗೆ ಮೂರು ದಿನ ದುಡಿಯಬೇಕು. ಅಂದರೆ ಸಾಹುಕಾರ. ಆದರೆ ಊರಿನಲ್ಲಿ ಸೊಪ್ಪು ಹೆಂಡತಿಯ ಹಿತ್ತಲಿನದು, ಸೌದೆ ಗುಡ್ಡದ್ದು, ಮನೆ ಸ್ವಂತದ್ದು, ಮೀನು ದೇವರದು. ಇಲ್ಲಿ ಕೋಣೆಗೆ ದುಡ್ಡು, ನೀರಿಗೆ ದುಡ್ಡು, ಕೆಲಸಕ್ಕೆ ಹೋಗಲು ಹತ್ತಾರು ಜನ ತುಂಬುವ ಟ್ಯಾಕ್ಸಿ ವ್ಯಾನಿಗೆ ದಿನಾ ನಲವತ್ತು ರಾಂಡ್. ಅಂದರೆ ಭಿಕಾರಿ. ಸಂಜೆ ಸಂಜೆ ಗೇಟಿನಲ್ಲಿ ನಿಂತು ಹೇಳುತ್ತಿದ್ದ: "ಅಬಿತಿ, ಇವತ್ತು ನಾನು ಸಾಹುಕಾರ." ಮಾರನೆಯ ದಿನ: "ಇಲ್ಲ ಅಬಿತಿ, ನಿನ್ನೆ ಟ್ಯಾಕ್ಸಿ ಮರೆತಿದ್ದೆ. ಭಿಕಾರಿ."

"ದಿನಾ ಒಂದೊಂದು ಆಗ್ತಾ ಇರು, ನಾನು ನೋಡ್ತಾ ಇರ್ತೀನಿ," ಅನ್ನುತ್ತಿದ್ದೆ.

ಪ್ರತಿ ಭಾನುವಾರ ಬೆಳಿಗ್ಗೆ ಹೆಂಡತಿ ಅಸಿಯಾತುಗೆ ಫೋನು. ಸಿಗ್ನಲ್ ಸಿಗುವುದು ನನ್ನ ಗೇಟಿನ ಬಳಿಯೇ, ಮೇಲಾಗಿ ಅವನ ಹಳೇ ಫೋನಿನಲ್ಲಿ ಸ್ಪೀಕರ್ ಹಾಕದೆ ಏನೂ ಕೇಳಿಸದು. ಹಾಗಾಗಿ ಅಸಿಯಾತು ಮಾತಾಡಿದ್ದೆಲ್ಲ ಇಡೀ ವಠಾರಕ್ಕೆ ಗೊತ್ತು.

"ಚೆನ್ನಾಗಿದ್ದೀಯಾ?"

"ನಾವು ಚೆನ್ನಾಗಿದ್ದೀವಿ, ನಿಮ್ಮದೇ ಗೊತ್ತಿಲ್ಲ." ನಮ್ಮಲ್ಲಿ ಹೀಗೇ ಹೇಳುವುದು. ಕಾಲು ಮುರಿದು ಬಿದ್ದಿದ್ದರೂ ಹೀಗೇ ಹೇಳುವುದು.

ಆಮೇಲೆ ಬೆಲೆಗಳು. ಅವಳು ಅಲ್ಲಿಯದು ಹೇಳುವಳು, ಇವನು ಇಲ್ಲಿಯದು.

"ಹಿಟ್ಟು ಬಕೆಟ್‌ಗೆ ಒಂಬತ್ತು ಸಾವಿರ, ಜೈನಬು ಅಪ್ಪ. ಸಕ್ಕರೆ ಮೊದಲಿನಷ್ಟೇ."

"ಇಲ್ಲಿ ಟೊಮೇಟೊ ರಾಶಿಗೆ ಮೂರು ರಾಂಡ್. ಕೋಳಿ ಅಂತೂ ಮಣ್ಣಿನ ಬೆಲೆ."

ನಾನು ಮೀನು ಕಟ್ಟುತ್ತಿದ್ದವಳು ತಲೆ ಎತ್ತಿ ನೋಡಿದೆ. ಮೂರು ರಾಂಡಿಗೆ ಈ ಊರಿನಲ್ಲಿ ಟೊಮೇಟೊ ರಾಶಿ ಯಾವನು ಕೊಡುತ್ತಾನೆ? ಹದಿನೈದಕ್ಕೆ ನಾಲ್ಕು ಕೊಟ್ಟರೆ ಹೆಚ್ಚು. ಇನ್ನು ಅವಳ ಹಿಟ್ಟಿನ ಬೆಲೆ. ತಿಂಗಳಿಗೆ ಎರಡು ಸಲ ನನ್ನ ಮೂಟೆ ಇಳಿಸುವ ಬಸ್ಸಿನವನು ಊರಿನ ಬೆಲೆಯನ್ನೂ ಇಳಿಸಿ ಹೋಗುತ್ತಾನೆ. ಒಂಬತ್ತು ಸಾವಿರ ಹೋದ ವರ್ಷದ ಮಾತು. ಈಗ ಹದಿನೆಂಟು. ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ಚೆನ್ನಾಗಿ ಸುಳ್ಳು ಹೇಳುತ್ತಿದ್ದರು, ನಾನು ಮಧ್ಯೆ ಕೂತು ಕೇಳುತ್ತಿದ್ದೆ. ಹೇಳಲಿಲ್ಲ. ದಾರಿ ಮೇಲಿರುವವನಿಗೆ ಮನೆಯ ಹಸಿವು ಹೇಳಬಾರದು, ಮನೆಗೆ ದಾರಿಯವನ ಹಸಿವು ಹೇಳಬಾರದು ಅಂತ ನಮ್ಮ ಹಿರಿಯರ ಕಟ್ಟಪ್ಪಣೆ. ಅದನ್ನು ಮುರಿಯಲು ನಾನು ಯಾರು?

ಆದರೆ ಅವನು ಬಂದ ಎಂಟನೆಯ ತಿಂಗಳು ಅಸಿಯಾತು ದೋಣಿಯ ಮಾತು ತೆಗೆದಳು.

"ಜೈನಬು ಅಪ್ಪ, ಅಲ್ಲಿ ಅಷ್ಟು ಅಗ್ಗ, ಅಷ್ಟು ಕೂಲಿ. ನಾವಿಲ್ಲಿ ಯಾಕಿರಬೇಕು? ನಮ್ಮೂರ ಮ್ಸೂಸ ದೋಣಿ ಕೊಳ್ತೀನಿ ಅಂತ ಕೇಳ್ತಿದ್ದಾನೆ. ಶುಕ್ರವಾರ ನಮಾಜ್ ಆದ್ಮೇಲೆ ದುಡ್ಡು ತರ್ತಾನಂತೆ. ನನಗೂ ಎರಡು ಮಕ್ಕಳಿಗೂ ಪಾಸ್‌ಪೋರ್ಟು, ಬಸ್ಸು, ಎಲ್ಲ ಆಗುತ್ತೆ. ಹೂಂ ಅನ್ನಿ."

ಆ ದೋಣಿಯನ್ನು ಅವನು ಆರು ವರ್ಷದ ಮೀನಿನ ದುಡ್ಡಿನಲ್ಲಿ ಕಟ್ಟಿಸಿದ್ದ. ಈಗ ಭಾವಮೈದುನ ಅದರಲ್ಲಿ ಹೋಗುತ್ತಾನೆ, ಅಸಿಯಾತು ಮೀನು ಒಣಗಿಸಿ ಮಾರುತ್ತಾಳೆ, ಮನೆ ನಡೆಯುವುದು ಅದರಿಂದ. ಮಾರಿ ಬಂದು ಇಲ್ಲಿ ಹೊಟ್ಟೆ ತುಂಬದಿದ್ದರೆ ವಾಪಸ್ ಹೋಗಲು ಏನೂ ಉಳಿಯುವುದಿಲ್ಲ. ಮಾರದಿದ್ದರೆ ಮಕ್ಕಳು ಅಪ್ಪನನ್ನು ಫೋನಿನಲ್ಲೇ ನೋಡಿ ಬೆಳೆಯಬೇಕು.

"ಬೇಡ ಅನ್ನೋ," ಅಂದೆ, ಅವನು ಶುಕ್ರವಾರ ಹೇಳ್ತೀನಿ ಅಂತ ಫೋನು ಇಟ್ಟ ಮೇಲೆ.

"ಏನಂತ ಬೇಡ ಅನ್ನಲಿ? ಕೋಳಿ ಮಣ್ಣಿನ ಬೆಲೆ ಅಂತ ನಾನೇ ಹೇಳಿದ್ದೀನಲ್ಲ!"

"ಯಾಕೋ ಹೇಳ್ದೆ ಹಂಗೆ?"

"ಟೊಮೇಟೊ ಹದಿನೈದು ರಾಂಡ್ ಅಂದ್ರೆ ಅವಳು ಕೇಳ್ತಾಳೆ, ಮತ್ತೆ ನೀವೇನು ತಿಂತೀರಿ ಅಂತ. ಕಳಿಸೋ ದುಡ್ಡು ಬೇಡ ಅಂತಾಳೆ." ತಲೆ ಕೆರೆದುಕೊಂಡ. "ಅಬಿತಿ, ನಾನೂ ಹುಡುಕ್ತಾ ಇದ್ದೀನಿ. ಯಾವುದಾದ್ರೂ ಒಂದು ಲೆಕ್ಕದಲ್ಲಿ ಅವರು ಬರೋದು ಸರಿ ಅಂತ ಬರಬೇಕು. ಹಿಟ್ಟಿನಲ್ಲಿ ಬರುತ್ತೆ. ಬಾಡಿಗೇಲಿ ಬರಲ್ಲ. ಸಕ್ಕರೇಲಿ ಬರುತ್ತೆ. ಶಾಲೆ ಫೀಸಲ್ಲಿ ಬರಲ್ಲ. ಹಿಟ್ಟು ಸಕ್ಕರೆ ಎರಡನ್ನೇ ನಂಬಿ ಕರೆಸ್ಲಾ?"

ನನಗೂ ತಲೆ ಕೆಟ್ಟುಹೋಯಿತು. ಇಪ್ಪತ್ತೊಂದು ವರ್ಷವಾದರೂ ಈ ಊರು ನನಗೆ ಲಾಭವೋ ನಷ್ಟವೋ ಅಂತ ನನಗೇ ಗೊತ್ತಿಲ್ಲ, ಇವನಿಗೆ ಏನು ಹೇಳಲಿ?

ಶುಕ್ರವಾರ ಅರ್ಧ ದಿನದ ಕೂಲಿ ಬಿಟ್ಟು ಬಂದ. ನಮಾಜ್ ಮುಗಿಸಿ ನನ್ನ ಪಕ್ಕದ ಕಲ್ಲಿನ ಮೇಲೆ ಕೂತ. ಫೋನು ಬಡಿದುಕೊಂಡಿತು.

"ಜೈನಬು ಅಪ್ಪ, ಮ್ಸೂಸ ಬಂದು ಕೂತಿದ್ದಾನೆ. ಚಾಪೆ ಹಾಕಿದ್ದೀನಿ. ಏನು ಹೇಳಲಿ?"

ತ್ವಾಯಿಬು ಆಕಾಶ ನೋಡಿದ, ನೆಲ ನೋಡಿದ. ಅವನ ಬಾಯಿ "ಮಾ" ಅಂತ ತೆರೆಯುವುದನ್ನು ಕಂಡೆ. ಮಾರು ಅನ್ನುತ್ತಾನೆ! ಮಕ್ಕಳ ಮುಖದ ಆಸೆಗೆ ಅಂದುಬಿಡುತ್ತಾನೆ! ಎರಡು ಸುಳ್ಳು ಲೆಕ್ಕ ನಂಬಿ ದೋಣಿ ಹೋಗುವುದನ್ನು ನೋಡುತ್ತ ಕೂರಲು ನನಗಾಗಲಿಲ್ಲ. ಹಿರಿಯರ ಅಪ್ಪಣೆ ಹಾಳಾಗಿಹೋಗಲಿ.

"ನಿನ್ನ ಹೆಂಡತಿ ಹೇಳೋ ಬೆಲೆಯೆಲ್ಲ ಸುಳ್ಳು ಕಣೋ! ಊರಲ್ಲಿ ಹಿಟ್ಟು ಬಕೆಟ್‌ಗೆ ಹದಿನೆಂಟು ಸಾವಿರ! ವಲ್ಲಾಹಿ, ದೇವರಾಣೆ ಹದಿನೆಂಟು!"

ಸ್ಪೀಕರ್ ಇತ್ತಲ್ಲ. ಅಲ್ಲಿಯೂ ಕೇಳಿಸಿತು.

"ಯಾರದು?" ಅಂದಳು ಅಸಿಯಾತು.

ನಾನು ಬುಟ್ಟಿಯ ಕಡೆ ತಿರುಗಿದೆ. ಆಮೇಲೆ ತ್ವಾಯಿಬು ಮೆಲ್ಲಗೆ ಕೇಳಿದ: "ಹೌದಾ?"

"...ಇಪ್ಪತ್ತು. ಈ ವಾರ ಇಪ್ಪತ್ತಾಗಿದೆ."

"ಮತ್ತೆ ನೀವೇನು ತಿಂತಿದ್ದೀರಿ?"

"ಬೆಳಿಗ್ಗೆ ಗಂಜಿ. ಮಧ್ಯಾಹ್ನದ್ದು ಬಿಟ್ಟಿದ್ದೀವಿ. ಮಕ್ಕಳಿಗೆ ಕೊಡ್ತೀನಿ, ನೀವೇನೂ ಅಂದ್ಕೋಬೇಡಿ."

ತ್ವಾಯಿಬು ಹಣೆ ಒತ್ತಿಕೊಂಡ. "ಇಲ್ಲಿ ಟೊಮೇಟೊ ಮೂರು ರಾಂಡ್ ಅಲ್ಲ ಕಣೇ. ಹದಿನೈದು. ನಾಲ್ಕೇ ಬರೋದು."

"ಕೋಳಿ?"

"ಬಂದಾಗಿಂದ ಎರಡು ಸಲ ತಿಂದಿದ್ದೀನಿ. ಬರೀ ಕಾಲು."

"ಕೋಣೆ?"

"ಒಂಬೈನೂರು."

"ನಾಲ್ಕು ನೂರು ಅಂದಿದ್ರಿ!"

"ನೀನು ಸಕ್ಕರೆ ಮೊದಲಿನಷ್ಟೇ ಅಂದಿದ್ದೆ!"

ಹೀಗೆ ಒಂದೊಂದೇ ಸಾಮಾನು ಹೊರಗೆ ಬಂತು. ಸೋಪು, ಎಣ್ಣೆ, ಉಪ್ಪು, ಸೀಮೆಎಣ್ಣೆ. ವಠಾರದ ಹೆಂಗಸರು ಬಟ್ಟೆ ಒಗೆಯುವುದು ನಿಲ್ಲಿಸಿ ನಿಂತಿದ್ದರು. ಕೊನೆಗೆ ಅವಳು ಕೇಳಿದಳು: "ಇವತ್ತು ಏನು ತಿಂದ್ರಿ?"

"ನ್ಸಿಮಾ ಮುದ್ದೆ."

"ಜೊತೆಗೆ?"

ಅವನು ಕಾಲಿನಿಂದ ನೆಲ ಕೆರೆದ.

"ಜೊತೆಗೆ ಏನು ಅಂದೆ."

"ಉಪ್ಪು."

ಆ ಕಡೆ ಅವಳು ಫೋನಿನಿಂದ ಬಾಯಿ ತಿರುಗಿಸಿ ಕೂಗಿದ್ದು ನಮಗೆಲ್ಲ ಕೇಳಿಸಿತು. "ಏಳಪ್ಪ ಮ್ಸೂಸ, ದೋಣಿ ಮಾರಲ್ಲ. ದುಡ್ಡು ಎತ್ಕೊಂಡು ಹೋಗು, ಚಾಪೆ ಬಿಟ್ಟು ಹೋಗು." ಮತ್ತೆ ಈ ಕಡೆ: "ಮೀನು ಮಾರೋ ಗಂಡ ಉಪ್ಪಲ್ಲಿ ಉಣ್ತಾನಾ? ಅಲ್ಲಿ ಉಸಿಪ ಸಿಗಲ್ವಾ?"

"ಸಿಗುತ್ತೆ. ಒಂದು ಹಿಡಿಗೆ ಇಪ್ಪತ್ತು ರಾಂಡ್."

"ಯಾವ ಕಳ್ಳಿ ಮಾರ್ತಾಳೆ ಹಂಗೆ?"

ಅವನು ಫೋನನ್ನು ನನ್ನ ಕಡೆ ಹಿಡಿದ. ಇಷ್ಟು ವರ್ಷದಲ್ಲಿ ನನ್ನನ್ನು ಕಳ್ಳಿ ಅಂದವರು ತುಂಬ ಮಂದಿ, ನಾಚಿಕೆಯಾದದ್ದು ಅಂದು ಮಾತ್ರ.

"ನಾನೇ ತಾಯಿ. ಸ್ತಂಬುಲಿ ಮಗಳು. ಬಸ್ಸಿನ ಬಾಡಿಗೆ, ಪುಡಿಯಾಗಿದ್ದು, ಎಲ್ಲ ಕಳೆದ್ರೆ..."

"ನಿಮ್ಮ ಮೂಟೆಗೆ ನೀಲಿ ಹಗ್ಗ ಕಟ್ಟಿರುತ್ತಾ? ಎರಡು ಗಂಟು?"

ಪಕ್ಕದಲ್ಲಿದ್ದ ಮೂಟೆ ನೋಡಿದೆ. ನೀಲಿ ಹಗ್ಗ, ಎರಡು ಗಂಟು.

"ಅದು ನಾನು ಕಟ್ಟಿದ್ದು ಅಬಿತಿ," ಅಂದಳು. "ನಮ್ಮ ದೋಣಿ ಮೀನು. ಬಸ್ಸಿನವನಿಗೆ ಮಾರೋದು ನಾನೇ. ನೀವು ಒಂದು ಕೆಲಸ ಮಾಡಿ. ಪ್ರತಿ ಮೂಟೇಲೂ ನಾನಿಲ್ಲಿ ಕೊಸರು ಹಾಕ್ತೀನಿ, ಬೇರೆ ಗಂಟು ಕಟ್ಟಿ. ಅದನ್ನ ಅವರಿಗೆ ಕೊಡಿ. ಅದನ್ನೂ ಮಾರ್ಬೇಡಿ."

"ಮಾರಲ್ಲ," ಅಂದೆ.

ಎಂಟು ತಿಂಗಳು ಅವನು ನನ್ನ ಬುಟ್ಟಿಯ ಮುಂದೆ ನಿಂತು ನೋಡಿ ಹೋಗುತ್ತಿದ್ದದ್ದು ತನ್ನದೇ ದೋಣಿಯ ಮೀನು. ಅದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇದಕ್ಕೆ ಯಾರನ್ನು ಬೈಯುವುದು ಅಂತ ಇವತ್ತಿಗೂ ನನಗೆ ತಿಳಿದಿಲ್ಲ.

ಹೆಂಡತಿ ಮಕ್ಕಳು ಬರಲಿಲ್ಲ. ಅವನೂ ಹೋಗಲಿಲ್ಲ. ಹೋಗುತ್ತಾನೋ ಕರೆಸುತ್ತಾನೋ ಅಂತ ಕೇಳಿದರೆ "ಲೆಕ್ಕ ಹಾಕ್ತಾ ಇದ್ದೀನಿ ಅಬಿತಿ" ಅನ್ನುತ್ತಾನೆ. ಭಾನುವಾರದ ಬೆಲೆಗಳು ಮಾತ್ರ ಈಗ ನಿಜದವು, ಹಾಗಾಗಿ ಭಾನುವಾರ ವಠಾರದಲ್ಲಿ ಯಾರಿಗೂ ನಿದ್ದೆ ಇಲ್ಲ, ಅಷ್ಟು ಜಗಳ.

ಆ ಶುಕ್ರವಾರವಾಗಿ ಎರಡು ವಾರಕ್ಕೆ ಮೂಟೆ ಬಂತು. ಬಿಚ್ಚಿದರೆ ಮೇಲೇ ಒಂದು ಸಣ್ಣ ಗಂಟು, ಹೆಂಗಸರು ಸುತ್ತಿಕೊಳ್ಳುವ ಹಳೇ ಬಟ್ಟೆಯ ತುಂಡಿನಲ್ಲಿ ಕಟ್ಟಿದ್ದು. ಸಂಜೆ ಅವನ ಕೈಗೆ ಕೊಟ್ಟೆ. ಗೇಟಿನಲ್ಲೇ ಕೂತು ತನ್ನ ತಟ್ಟೆಗೆ ಸುರಿದುಕೊಂಡ. ಒಂದೂ ಪುಡಿಯಾಗಿರಲಿಲ್ಲ. ತಟ್ಟೆ ತುಂಬಿತು, ಅಂಚಿನವರೆಗೆ.

ಒಂದು ಮೀನು ಎತ್ತಿ ನೋಡಿ ಮತ್ತೆ ತಟ್ಟೆಗಿಟ್ಟು ನನ್ನ ಕಡೆ ತಿರುಗಿದ. ಕಣ್ಣು ಒದ್ದೆಯಾಗಿತ್ತು, ಹುಬ್ಬು ಗಂಟಿಕ್ಕಿತ್ತು.

"ಅಬಿತಿ, ಅಲ್ಲಿ ಮಧ್ಯಾಹ್ನದ ಊಟ ಬಿಟ್ಟಿದ್ದಾರಲ್ಲ. ಇದನ್ನ ಯಾವ ದರದಲ್ಲಿ ಲೆಕ್ಕ ಹಾಕ್ಲಿ? ಅಲ್ಲಿಂದೋ, ಇಲ್ಲಿಂದೋ?"

"ಸುಮ್ಮನೆ ತಿನ್ನೋ," ಅಂದೆ.