ದೊಡ್ಡವರ ಮುಖವಿದ್ದ ತೆಪ್ಪ

ನಮ್ಮ ಶಾಲೆಗೆ ದಾನಿಗಳ ಕೊರತೆಯಿತ್ತು ಎಂದು ನಾನೇನಾದರೂ ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ, ಕಾವೇರಿ ಎರಡಾಗಿ ಸೀಳಿ ಮತ್ತೆ ಒಂದಾಗುವ ಕಡೆ ಇರುವ ಪುಟ್ಟ ನಡುಗಡ್ಡೆ ಅದು. ಇಪ್ಪತ್ತು ಚಿಲ್ಲರೆ ಮನೆ, ಒಂದು ಮಾರಮ್ಮನ ಗುಡಿ, ಐದನೇ ತರಗತಿವರೆಗೆ ಒಂಬತ್ತು ಮಕ್ಕಳಿದ್ದ ಸರ್ಕಾರಿ ಶಾಲೆ, ಅದಕ್ಕೆ ನಾನೊಬ್ಬಳೇ ಮೇಡಂ. ಒಂಬತ್ತು ಮಕ್ಕಳಿಗೆ ಗೋಡೆ ಗಡಿಯಾರ ನಾಲ್ಕು. ನಾಲ್ಕೂ ದಾನವಾಗಿ ಬಂದವು, ನಾಲ್ಕರಲ್ಲೂ ಮುಳ್ಳಿಗಿಂತ ಕೊಟ್ಟವರ ಹೆಸರೇ ದೊಡ್ಡದು. ಕಾಂಪೌಂಡೇ ಇಲ್ಲದ ಶಾಲೆಯ ಮುಂದೆ ಕಬ್ಬಿಣದ ಕಮಾನೊಂದಿತ್ತು, ಅದರ ನೆತ್ತಿಯ ಮೇಲೆ ಒಬ್ಬರ ಇಡೀ ವಂಶವೇ ಇತ್ತು. ಹಸುಗಳು ಕಮಾನಿನ ಪಕ್ಕದ ಬಯಲಿನಿಂದ ಒಳಗೆ ಬರುತ್ತಿದ್ದವು. ಮಕ್ಕಳು ಮಾತ್ರ, ಪಾಪ, ಶಿಸ್ತಾಗಿ ಕಮಾನಿನ ಕೆಳಗಿನಿಂದಲೇ ಬರುತ್ತಿದ್ದರು.

ನನ್ನ ಮನೆ ಮಂಡ್ಯದ ಗುತ್ತಲಿನಲ್ಲಿ. ಬೆಳಗ್ಗೆ ಆರಕ್ಕೆ ಹೊರಟು ಎರಡು ಬಸ್ಸು, ಒಂದು ಆಟೊ ಹತ್ತಿಳಿದು ದಡಕ್ಕೆ ಬಂದರೆ, ಅಲ್ಲಿಂದ ಆಚೆಗೆ ತೆಪ್ಪ. ಬಿದಿರು ಹೆಣೆದು ತಳಕ್ಕೆ ಡಾಂಬರು ಬಳಿದ ದೊಡ್ಡ ಬುಟ್ಟಿ ಎಂದುಕೊಳ್ಳಿ. ಇಡೀ ನಡುಗಡ್ಡೆಗೆ ಇದ್ದ ತೆಪ್ಪ ಅದೊಂದೇ. ಬೆಳಗಿನ ಜಾವ ಐದಕ್ಕೆ ಡೇರಿಯ ಹಾಲಿನ ಕ್ಯಾನುಗಳನ್ನು ದಡಕ್ಕೆ ಮುಟ್ಟಿಸಿ, ಅಲ್ಲೇ ಕಾದಿದ್ದು, ಒಂಬತ್ತಕ್ಕೆ ನನ್ನನ್ನು ಹತ್ತಿಸಿಕೊಂಡು ವಾಪಸು ಬಂದು, ಆಮೇಲೆ ಮೀನಿಗೆಂದು ಕೆಳಗಿನ ಮಡುವಿಗೆ ಹೋದರೆ ಮತ್ತೆ ಕಾಣುತ್ತಿದ್ದುದು ಸಂಜೆ ನಾಲ್ಕೂವರೆಗೆ. ಅದು ತೆಪ್ಪದವನ ಹೊಟ್ಟೆಪಾಡು. ಅವನನ್ನು ಬೈಯುವ ಹಾಗಿರಲಿಲ್ಲ.

ಇದರ ಬಿಸಿ ತಟ್ಟಿದ್ದು ನಮ್ಮ ಶಾಲೆಯ ಬಿಸಿಯೂಟ ಮಾಡುವ ಅಡುಗೆಯಮ್ಮನಿಗೆ. ಗಂಡ ತೀರಿಕೊಂಡಿದ್ದ. ಇದ್ದವಳು ಒಬ್ಬಳೇ ಮಗಳು, ಆ ವರ್ಷ ಐದನೇ ತರಗತಿ ಮುಗಿಸಿದ್ದಳು. ಲೆಕ್ಕದಲ್ಲಿ ನನ್ನನ್ನೇ ಬೋರ್ಡಿನ ಮುಂದೆ ನಿಲ್ಲಿಸಿ ತಿದ್ದುವಂಥ ಹುಡುಗಿ. ಆರನೇ ತರಗತಿಗೆ ದಡದಾಚೆಯ ಶಾಲೆಗೆ ಹೋಗಬೇಕು, ಅಲ್ಲಿ ಗಂಟೆ ಹೊಡೆಯುವುದು ಹತ್ತಕ್ಕೆ. ಬೇಸಿಗೆಯಲ್ಲಾದರೆ ಬಂಡೆ ಹಿಡಿದು ದಾಟಬಹುದು, ಜೂನಿನ ಮೇಲೆ ಮೇಲಿನ ಕಟ್ಟೆಯಿಂದ ನೀರು ಬಿಟ್ಟರೆ ಮುಗಿಯಿತು.

"ಐದ್ ಗಂಟೆ ಕತ್ತಲಲ್ಲಿ ಆಲಿನ ಕ್ಯಾನ್ ಜೊತೆ ಎಣ್ಣು ಮಗೀನ ಕಳ್ಸಿ, ಅತ್ ಗಂಟೆಗಂಟ ದಡದಲ್ಲಿ ಒಬ್ಳನ್ನೇ ಕೂರ್ಸಕಾಯ್ತದಾ ಮಿಸ್?" ಎಂದು ಅಡುಗೆಯಮ್ಮ ಕೇಳಿದಳು. "ಇನ್ನೊಂದು ತೆಪ್ಪ ಇದ್ರೆ ನಾನೇ ಹುಟ್ಟು ಹಾಕ್ಕೊಂಡು ಬುಟ್ಬುಟ್ಟು ಬತ್ತೀನಿ. ಬಂದು ಅನ್ನಕ್ಕೆ ಎಸರಿಡ್ತೀನಿ. ಇಲ್ದಿದ್ರೆ ಮದ್ದೂರಲ್ಲಿ ನಮ್ಮಕ್ಕನ ಮಗಳು ಎತ್ತವ್ಳೆ, ಕೂಸು ನೋಡ್ಕೊಳಾಕೆ ಇವಳನ್ನ ಕಳ್ಸು ಅಂತ ಒಂದೇ ಸಮ ಫೋನು."

ಕೂಸು ನೋಡಿಕೊಳ್ಳಲು ಹೋದ ಹುಡುಗಿಯರು ಮತ್ತೆ ಪುಸ್ತಕ ಹಿಡಿದದ್ದನ್ನು ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಾನಂತೂ ಕಂಡಿಲ್ಲ. ಶಾಲಾ ಸಮಿತಿಯ ಅಧ್ಯಕ್ಷರನ್ನು ಕರೆಸಿದೆ. ಎರಡನೇ ತರಗತಿಯ ಹುಡುಗನೊಬ್ಬನ ತಂದೆ ಅವರು, ಕಬ್ಬು ಬೆಳೆಯುವವರು, ಯಾವುದಕ್ಕೂ ಆಗಲ್ಲ ಎಂದವರೇ ಅಲ್ಲ.

"ಒಂದ್ ತೆಪ್ಪ ಏನ್ ಮಹಾ ಬುಡಿ ಮೇಡಂ, ಅಡಗನ್ನೇ ತರಣ!" ಎಂದರು.

ಹಡಗು ತರುವ ಮೊದಲ ಹೆಜ್ಜೆಯಾಗಿ ಸಹಾಯಾರ್ಥ ಕಬಡ್ಡಿ ಪಂದ್ಯಾವಳಿ ಏರ್ಪಾಡಾಯಿತು. ದಡದ ಹಳ್ಳಿಗಳಿಂದ ತಂಡಗಳು ಬಂದವು, ಟಿಕೆಟ್ಟಿನ ದುಡ್ಡೆಲ್ಲ ತೆಪ್ಪದ ನಿಧಿಗೆ. ಮೊದಲ ಬಹುಮಾನ ಒಂದು ಟಗರು, ನಮ್ಮ ಕಡೆ ಅದಿಲ್ಲದೆ ಕಬಡ್ಡಿಗೆ ಮರ್ಯಾದೆ ಇಲ್ಲ. ಗೆದ್ದ ತಂಡದವರು ನಿಜಕ್ಕೂ ದೊಡ್ಡ ಮನಸ್ಸಿನವರು. ಟಗರನ್ನು ಮನೆಗೆ ಹೊಡೆದುಕೊಂಡು ಹೋಗುವುದು ಹೇಡಿತನ ಎಂದುಕೊಂಡು ಅಲ್ಲೇ ಹೊಳೆದಡದಲ್ಲಿ ಕಡಿದರು. ಕಡಿದ ಮೇಲೆ ಎದುರಿಗಿರುವವರನ್ನು ಕರೆಯದೆ ಉಣ್ಣಲಾದೀತೆ? ಸೋತ ತಂಡಗಳನ್ನು ಕರೆದರು, ಊರನ್ನು ಕರೆದರು, ಟಿಕೆಟ್ಟು ಹರಿದುಕೊಟ್ಟವರನ್ನೂ ಕರೆದರು. ಒಂದು ಟಗರು ಅಷ್ಟು ಜನಕ್ಕೆ ಸಾಲದೆ ಇನ್ನೊಂದು ಬಂತು. ಮುದ್ದೆಗೆ ಹಿಟ್ಟು, ಅನ್ನಕ್ಕೆ ಅಕ್ಕಿ, ಮಸಾಲೆ ಎಲ್ಲ ತೆಪ್ಪದ ನಿಧಿಯಿಂದಲೇ ಬಂದವು. ಎಲೆ ತೆಗೆಯುವ ಹೊತ್ತಿಗೆ ನಿಧಿ ಎಲ್ಲರ ಹೊಟ್ಟೆಯಲ್ಲಿ ಸಮಾನವಾಗಿ ಹಂಚಿಹೋಗಿತ್ತು. ಸಹಾಯಾರ್ಥ ಪಂದ್ಯ ಭರ್ಜರಿ ಯಶಸ್ಸು ಎಂದು ಎಲ್ಲರೂ ಬಾಯಿ ತುಂಬ ಹೊಗಳಿದರು. ಆ ಬಾಯಿಗಳು ತುಂಬಿದ್ದವಲ್ಲ!

ಎರಡನೇ ಹೆಜ್ಜೆಗೆ ದಾನಿಗಳ ಮನೆಗೇ ಹೋದೆವು. ಅಧ್ಯಕ್ಷರ ಬೈಕಿನ ಹಿಂದೆ ಕೂತು ನಾನು ಹತ್ತದ ಮನೆ ಮೆಟ್ಟಿಲಿಲ್ಲ. ಎಲ್ಲ ಕಡೆ ಕಾಫಿ ಕೊಟ್ಟರು, ಕೆಲವು ಕಡೆ ವಡೆಯನ್ನೂ ಕೊಟ್ಟರು. ಹುಡುಗಿಯ ಕತೆ ಕೇಳಿ ಕಣ್ಣೊರೆಸಿಕೊಂಡರು. ಕೊನೆಗೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಾ ಮೇಡಂ, ತೆಪ್ಪಕ್ಕೆ ಎಸ್ರು ಎಲ್ಲಿ ಬರ್ಸದು?"

ಯೋಚಿಸಿ ನೋಡಿದರೆ ನ್ಯಾಯವೇ. ತಳದ ಹೊರಮೈ ಡಾಂಬರಿನಲ್ಲಿ ಕಪ್ಪು, ಸಾಲದ್ದಕ್ಕೆ ಸದಾ ನೀರಿನಲ್ಲಿ. ಅಂಚು ಅಂಗೈಯಗಲವೂ ಇಲ್ಲ. ಅದು ಒಂದು ಕಡೆ ನಿಲ್ಲುವ ವಸ್ತುವೂ ಅಲ್ಲ, ಸುತ್ತುತ್ತಾ ಹೋಗುತ್ತದೆ. ಹೆಸರು ಓದಬೇಕೆಂದರೆ ಮೀನುಗಳೇ ಓದಬೇಕು. ಹೀಗಾಗಿ ಒಬ್ಬರು ಐದನೇ ಗಡಿಯಾರ ಕಳಿಸಿದರು. ಇನ್ನೊಬ್ಬರು ಭಾಷಣ ಮಾಡಲು ನಿಲ್ಲುವ ಮರದ ಡಯಾಸು ಕಳಿಸಿದರು, ಅದು ಎರಡನೆಯದು. ಒಂಬತ್ತು ಮಕ್ಕಳಿಗೆ ಇಬ್ಬರು ಒಟ್ಟಿಗೆ ಭಾಷಣ ಮಾಡುವ ಅನುಕೂಲ ಮಂಡ್ಯ ಜಿಲ್ಲೆಯಲ್ಲಿ ಬೇರೆ ಎಲ್ಲೂ ಇರಲಾರದು.

ಕೊನೆಗೂ ಸಿಕ್ಕಿದರು ಒಬ್ಬ ಪುಣ್ಯಾತ್ಮರು. ಮಳವಳ್ಳಿಯಲ್ಲಿ ಸೈಟು ಮಾಡಿ ಮಾರುವವರು, ಹೋದ ವರ್ಷ ತಂದೆಯನ್ನು ಕಳೆದುಕೊಂಡವರು. ಅಪ್ಪನ ನೆನಪಿಗೆ ತೆಪ್ಪವನ್ನೇ ಕೊಡುತ್ತೇನೆ ಎಂದರು. ಹೆಸರಿನ ಚಿಂತೆ ನಿಮಗೆ ಬೇಡ, ಅದು ನನಗೆ ಬಿಡಿ ಎಂದೂ ಹೇಳಿದರು. ನಾನು ಎರಡು ಕೈ ಎತ್ತಿ ಮುಗಿದೆ. ಅಡುಗೆಯಮ್ಮ ಅವತ್ತು ಪಾಯಸ ಮಾಡಿದಳು. ಹುಡುಗಿ ದಡದ ಶಾಲೆಯಲ್ಲಿ ಹೆಸರು ಬರೆಸಿ ಬಂದಳು.

ಜೂನ್ ತಿಂಗಳಲ್ಲಿ ಲೋಕಾರ್ಪಣೆ. ಶಾಮಿಯಾನ, ಮೈಕು, ಹಾರ, ಪೇಟ, ಜೊತೆಗೆ ಮೇಲಿಂದ ವಿಡಿಯೊ ತೆಗೆಯಲು ಒಂದು ಡ್ರೋನು. ಅರಿಶಿನದ ಬಟ್ಟೆ ಸರಿಸಿದಾಗ ಗೊತ್ತಾಯಿತು, ಹೆಸರಿನ ಚಿಂತೆಯನ್ನು ಅವರು ಹೇಗೆ ಪರಿಹರಿಸಿದ್ದರೆಂದು. ತೆಪ್ಪದ ಒಳಗೆ, ಕಾಲಿಡುವ ತಳದ ತುಂಬ, ಬಣ್ಣದಲ್ಲಿ ಅವರ ತಂದೆಯ ಮುಖ! ಹಣೆಗೆ ನಾಮ, ತಲೆಗೆ ಮೈಸೂರು ಪೇಟ, ಸುತ್ತ ಹೆಸರು. ಡ್ರೋನಿನಿಂದ ನೋಡಿದರೆ ಹೊಳೆಯ ಮಧ್ಯೆ ದೊಡ್ಡವರು ಆಕಾಶ ನೋಡುತ್ತಾ ಮಲಗಿದ ಹಾಗೆ ಕಾಣಬೇಕು, ಅದು ಪ್ಲಾನು. ಚಿತ್ರ ಬರೆದ ಪೇಂಟರನಿಗೆ ಶಾಲು ಹೊದಿಸಿದರು.

ರಿಬ್ಬನ್ನು ಕತ್ತರಿಸಿದ್ದಾಯಿತು. "ಈಗ ಮಕ್ಕಳು ಹತ್ತಬೇಕು" ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರು. ಒಬ್ಬರೂ ಅಲ್ಲಾಡಲಿಲ್ಲ. ಹುಟ್ಟು ಹಿಡಿದು ನಿಂತಿದ್ದ ಅಡುಗೆಯಮ್ಮ ಒಂದು ಕಾಲು ಎತ್ತಿದವಳು, ಒಳಗೆ ನೋಡಿ, ಹಾಗೇ ಹಿಂದಕ್ಕೆ ಇಟ್ಟಳು.

"ಅಯ್ಯಯ್ಯೋ, ದೊಡ್ಡೋರ ಮಖದ ಮ್ಯಾಲೆ ಕಾಲಿಡದಾ? ನನ್ ಕೈಲಾಗಕಿಲ್ಲ ಕಣಪ್ಪ."

ನೆರೆದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ನಮ್ಮಲ್ಲಿ ಪುಸ್ತಕಕ್ಕೆ ಕಾಲು ತಾಕಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ, ಇದು ಸತ್ತ ಹಿರಿಯರ ಮುಖ. ದಾನಿಗಳು ತಾವಾದರೂ ಹತ್ತುತ್ತಾರೇನೋ ಎಂದು ನೋಡಿದರೆ ಅವರೇ ಚಪ್ಪಲಿ ಬಿಟ್ಟು ದೂರದಿಂದ ಕೈ ಮುಗಿಯುತ್ತಾ ನಿಂತಿದ್ದರು. ಡ್ರೋನಿನವನು ಅದನ್ನು ಕೆಳಗಿಳಿಸಿದ, ಅದರ ಬ್ಯಾಟರಿ ಮುಗಿದಿತ್ತು.

ಚಾಪೆ ಹಾಸೋಣ ಎಂದೆ. ಚಾಪೆ ಹಾಸಿ ತುಳಿದರೂ ತುಳಿದಂತೆಯೇ ಎಂದರು. ಬಣ್ಣ ಹೊಡೆದು ಮುಚ್ಚಿಸೋಣ ಎಂದು ದಾನಿಗಳಿಗೆ ಫೋನು ಮಾಡಿದೆ. "ನಮ್ಮಪ್ಪನ ಮುಖಕ್ಕೆ ಮಸಿ ಬಳೀತೀರಾ ಮೇಡಂ? ನೀವು ಓದ್ದೋರು!" ಎಂದು ಇಟ್ಟುಬಿಟ್ಟರು. ಅಲ್ಲಿಗೆ ತೆಪ್ಪ ಶಾಲೆಯ ಜಗಲಿಗೆ ಬಂತು. ಗೋಡೆಗೆ ಒರಗಿಸಿ, ಹೂವಿನ ಹಾರ ಹಾಕಿ, ಬೆಳಗ್ಗೆ ಊದುಬತ್ತಿ ಹಚ್ಚುವುದು ಶುರುವಾಯಿತು. ಜಗಲಿಯಲ್ಲಿ ಕೂತು ಉಣ್ಣುತ್ತಿದ್ದ ಮಕ್ಕಳು ಬಿಸಿಲಿಗೆ ಹೋದರು. ದೊಡ್ಡವರು ನೆರಳಿನಲ್ಲಿ ಉಳಿದರು.

ಹುಡುಗಿಯೂ ನನ್ನ ಶಾಲೆಯಲ್ಲೇ ಉಳಿದಳು. ಆರನೇ ತರಗತಿಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಐದನೇ ತರಗತಿಯ ಸಾಲಿನ ಕೊನೆಯಲ್ಲಿ ಕೂರುವಳು. ಜುಲೈ ಕಳೆಯಿತು. ದಡದ ಶಾಲೆಯ ಹೆಡ್‌ಮಾಸ್ತರು, ಆಗಸ್ಟ್ ಮುಗಿಯುವುದರೊಳಗೆ ಬರದಿದ್ದರೆ ಹೆಸರು ತೆಗೆಯುತ್ತೇನೆ ಎಂದು ಹೇಳಿ ಕಳಿಸಿದರು. ಮದ್ದೂರಿನ ಫೋನು ನಿಲ್ಲಲಿಲ್ಲ. ಅಡುಗೆಯಮ್ಮ ಮಗಳಿಗೆ ಎರಡು ಹೊಸ ಲಂಗ ಹೊಲಿಸಿದ್ದು ಶಾಲೆಗಲ್ಲ, ಮದ್ದೂರಿಗೆ ಎಂದು ನನಗೆ ಅರ್ಥವಾಯಿತು. ಬಸ್ಸಿನಲ್ಲಿ ಕೂತು ಎಲ್ಲರನ್ನೂ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಮೂಢರು, ಹೆಸರುಬಾಕರು, ದಂಡಪಿಂಡಗಳು. ಬೈಗುಳಕ್ಕೆ ಗುತ್ತಲಿನಿಂದ ಹೊಳೆದಡದವರೆಗೆ ಸಾಕಷ್ಟು ದಾರಿಯಿತ್ತು.

ಆಗಸ್ಟ್ ಹದಿನೈದಕ್ಕೆ ಧ್ವಜ ಏರಿಸಲು ಅಧ್ಯಕ್ಷರು ತೆಪ್ಪದ ದಾನಿಗಳನ್ನೇ ಕರೆದರು. ಅವರು ತಮ್ಮ ತಾಯಿಯನ್ನೂ ಕರೆತಂದರು. ಎಂಬತ್ತರ ಮುದುಕಿ, ಕೋಲೂರಿಕೊಂಡು ಹಾಲಿನ ತೆಪ್ಪದಿಂದ ಇಳಿದರು. ಎರಡು ಡಯಾಸಿನಲ್ಲೂ ಭಾಷಣ ಮುಗಿದು ಮಕ್ಕಳಿಗೆ ಬೂಂದಿ ಹಂಚುವಾಗ ಆಕೆ ಜಗಲಿಗೆ ಬಂದು, ಹಾರ ಹಾಕಿದ ತೆಪ್ಪದ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರು ಬರಬಹುದೆಂದು ನಾನು ಕುರ್ಚಿ ತಂದೆ.

"ಇದ್ಯಾಕೆ ಇಲ್ಲೇ ಅದೆ? ನೀರ್ಗೆ ಇಳ್ಸಿಲ್ವಾ?" ಎಂದು ಕೇಳಿದರು.

ಅಡುಗೆಯಮ್ಮ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದಳು. ಮಗಳ ಶಾಲೆ, ತಿಂಗಳ ಕೊನೆ, ಮದ್ದೂರು, ಕೂಸು. ಮುದುಕಿ ಅವಳ ಮಾತು ಮುಗಿಯುವವರೆಗೆ ಕೇಳಿ, ಮಗನ ಕಡೆ ತಿರುಗಿದರು.

"ಇಳ್ಸ್ಲಾ ಇದ್ನ."

"ಅವ್ವ, ಅಪ್ಪಾಜಿ ಮುಖ..."

"ಇಳ್ಸ್ಲಾ ಅಂದೆ."

ನಾಲ್ಕು ಜನ ತೆಪ್ಪವನ್ನು ಹೊತ್ತು ಹೊಳೆಯ ಅಂಚಿಗೆ ತಂದರು. ಅವತ್ತು ನೀರು ತಣ್ಣಗೆ ಹರಿಯುತ್ತಿತ್ತು. ಮುದುಕಿ ಕೋಲನ್ನು ಮಗನ ಕೈಗೆ ಕೊಟ್ಟು, ಅಡುಗೆಯಮ್ಮನ ಭುಜ ಹಿಡಿದು, ಬಲಗಾಲನ್ನು ಎತ್ತಿ ನೇರವಾಗಿ ಗಂಡನ ಮೈಸೂರು ಪೇಟದ ಮೇಲಿಟ್ಟರು. ಎಡಗಾಲು ಕೆನ್ನೆಯ ಮೇಲೆ ಬಂತು. ಆಮೇಲೆ ಸೀರೆ ಸರಿಮಾಡಿಕೊಂಡು ಅಲ್ಲೇ ಕೂತರು. ಯಾರೋ "ಶಿವಶಿವಾ" ಎಂದರು.

"ಬಾಯ್ಮುಚ್ರೋ," ಎಂದರು ಮುದುಕಿ. "ಬದ್ಕಿದ್ದಾಗ ಈವಯ್ಯ ಎತ್ತ ಮಕ್ಳನ್ನ ಒಂದಿನ ಎಗಲ ಮ್ಯಾಲೆ ಕೂರ್ಸ್ಕಳ್ಳಿಲ್ಲ. ಈಗ್ಲಾದ್ರೂ ಒಂದ್ ಮಗೀನ ಒರ್ಲಿ ಬುಡಿ."

ಮಗ ಕೈಯಲ್ಲಿದ್ದ ಕೋಲನ್ನು ಮರಳಿನಲ್ಲಿ ಊರಿಟ್ಟು, ತೆಪ್ಪದ ಅಂಚು ಅಲ್ಲಾಡದಂತೆ ಹಿಡಿದುಕೊಂಡರು. ಸೈಟು ಮಾರುವ ಆ ಮನುಷ್ಯ ಹಾಗೆ ಬಗ್ಗಿ ನಿಂತದ್ದನ್ನು ನೋಡಿ, ಎರಡು ತಿಂಗಳು ನಾನು ಬೈದ ಬೈಗುಳಗಳಲ್ಲಿ ಅರ್ಧವನ್ನಾದರೂ ವಾಪಸು ತೆಗೆದುಕೊಳ್ಳಬೇಕೆನ್ನಿಸಿತು.

"ಬಾ ಮಗ, ಕೂತ್ಕೊ. ಏನೂ ಆಗಕಿಲ್ಲ," ಎಂದು ಮುದುಕಿ ಹುಡುಗಿಯನ್ನು ಕರೆದರು. ಅವಳು ಒಮ್ಮೆ ತಾಯಿಯ ಮುಖ ನೋಡಿದಳು, ಆಮೇಲೆ ಹತ್ತಿದಳು. ಅಡುಗೆಯಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು ತಪ್ಪಾಯಿತು ಎಂದು ಹೇಳಿ, ಹುಟ್ಟು ಹಿಡಿದು ತಾನೂ ಹತ್ತಿದಳು.

ಮರುದಿನ ಒಂಬತ್ತಕ್ಕೆ ಬಂದು ಶಾಲೆಯ ಬಾಗಿಲು ತೆಗೆದಿಟ್ಟು, ಹೆಡ್‌ಮಾಸ್ತರ ಹತ್ತಿರ ಮಾತಾಡಲೆಂದು ತಾಯಿ ಮಗಳ ಜೊತೆಗೆ ನಾನೂ ಮತ್ತೆ ದಡಕ್ಕೆ ಹೊರಟೆ. ಹುಡುಗಿ ಮೊದಲು ಹತ್ತಿ, ನಡುವೆ ಕೂತು, ನನಗೆ ಕೈ ಚಾಚಿದಳು. ನಾನು ಚಪ್ಪಲಿ ಬಿಟ್ಟೆ. ಬಿಟ್ಟ ಮೇಲೂ ಕಾಲು ಮುಂದಕ್ಕೆ ಬರಲಿಲ್ಲ. ಆಗ ಹೊಳೆಯಿತು. ಚಾಪೆ ಹಾಸೋಣ, ಬಣ್ಣ ಹೊಡೆಸೋಣ ಎಂದು ಎರಡು ತಿಂಗಳು ಬಾಯಿ ಬಡಿದುಕೊಂಡವಳು ನಾನು. ನಾನೇ ಮೊದಲು ಹತ್ತುತ್ತೇನೆ ಬನ್ನಿ ಎಂದು ಒಂದು ದಿನವೂ ಹೇಳಿರಲಿಲ್ಲ. ಬೇರೆ ಯಾರೂ ಬೇಡ, ಮೇಡಂ ಒಬ್ಬಳು ಕಾಲಿಟ್ಟಿದ್ದರೆ ಸಾಕಿತ್ತು, ಆ ಹುಡುಗಿ ಜೂನಿನಲ್ಲೇ ಶಾಲೆಗೆ ಹೋಗುತ್ತಿದ್ದಳು.

"ಬನ್ನಿ ಮಿಸ್, ಲೇಟಾಯ್ತದೆ," ಎಂದಳು.

ಹತ್ತಿದೆ. ಆದರೂ ದಡ ಮುಟ್ಟುವವರೆಗೆ ಪಾದಗಳನ್ನು ದೊಡ್ಡವರ ಕಿವಿಯಾಚೆಗೆ ಮುದುರಿಕೊಂಡು ಅಂಚಿಗೆ ಅಂಟಿಯೇ ಕೂತಿದ್ದೆ. ಹುಡುಗಿ ಮಾತ್ರ ನಡುವೆ ಚಕ್ಕಂಬಕ್ಕಳ ಹಾಕಿ, ಬ್ಯಾಗನ್ನು ಅಪ್ಪಿಕೊಂಡು, ದಡವನ್ನೇ ನೋಡುತ್ತಿದ್ದಳು.